ನೆರೆನೀರಿನಲ್ಲಿ ಪೊಟ್ಯಾಸಿಯಂ ಹೊತ್ತವಳು

ನದಿ ಮತ್ತೆ ಏರುತ್ತಿದೆಯೆಂದು ರೇಡಿಯೊದಲ್ಲಿ ಹೇಳಿದ ಬೆಳಿಗ್ಗೆ ನೆಲ್ಬಾ ಸರಸೋಲಾ ಮಂಚದ ಅಂಚಿನಲ್ಲಿ ಸುಮ್ಮನೆ ಕೂತುಬಿಟ್ಟಳು. ಉರುಗ್ವಾಯ್ ದೇಶದ ಸಾಲ್ಟೊ ಊರಿನ ತಗ್ಗು ಬೀದಿಯವರಿಗೆ ಇದೇನು ಹೊಸದಲ್ಲ. ಮೇಲೆ ಬ್ರೆಜಿಲ್ ಕಡೆ ಮಳೆ ಹಿಡಿದರೆ ಉರುಗ್ವಾಯ್ ನದಿ ಉಬ್ಬುತ್ತದೆ. ಅದನ್ನು ಸೇರುವ ಸೌಸಾಲ್ ಹಳ್ಳದ ನೀರು ಮುಂದೆ ಹೋಗಲು ದಾರಿಯಿಲ್ಲದೆ ಹಿಂದಕ್ಕೆ ತಿರುಗಿ ಮನೆಗಳಿಗೆ ನುಗ್ಗುತ್ತದೆ. ಆಗ ಮಂಚ, ಬೀರು, ಫ್ರಿಜ್ಜು ಎಲ್ಲವನ್ನೂ ಬಿಚ್ಚಿ ಗಾಡಿಗೆ ಹೇರಿ ಮೇಲಿನ ಬೀದಿಗೆ ಸಾಗಿಸಬೇಕು. ನೀರಿಳಿದ ಮೇಲೆ ಕೆಸರು ಬಾಚಿ, ಗೋಡೆ ಒಣಗಿಸಿ, ಅದೇ ಸಾಮಾನನ್ನು ಮತ್ತೆ ತಂದು ಜೋಡಿಸಬೇಕು. ಚಿಕ್ಕಂದಿನಲ್ಲಿ ಅಮ್ಮನ ಜೊತೆ ಹೊತ್ತಿದ್ದಳು, ಅಮ್ಮ ಹೋದ ಮೇಲೆ ತಮ್ಮನ ಜೊತೆ ಹೊರುತ್ತಿದ್ದಳು. ಅರವತ್ತರ ಹತ್ತಿರ ಬಂದ ಮೊಣಕಾಲುಗಳಿಗೆ ಆ ಮೆಟ್ಟಿಲು, ಆ ಏರು, ನೆನೆಸಿಕೊಂಡರೇ ನೋವು.

“ಏಳೇ, ಬೀರು ಹಿಡ್ಕೊ ಬಾ,” ಎನ್ನುತ್ತ ಒಲಿಂಪಿಯೊ ಒಳಗೆ ಬಂದ. ಅವಳ ತಮ್ಮ, ಜೀವನವಿಡೀ ಮೀನು ಹಿಡಿದು ಈಗ ಕೈ ನಡುಗುತ್ತದೆಂದು ಮನೆಯಲ್ಲಿದ್ದವನು. ಮದುವೆ ಅವನಿಗೂ ಆಗಲಿಲ್ಲ, ಅವಳಿಗೂ ಆಗಲಿಲ್ಲ. “ಈ ಸಲ ಭಾರೀ ನೀರಂತೆ. ಚಾವಣಿ ಮುಟ್ಟತ್ತಂತೆ.”

“ಪ್ರತಿ ಸಲಾನೂ ಹಂಗೇ ಅಂತಾರೆ.”

“ಪ್ರತಿ ಸಲ ನೀನೂ ಹಿಂಗೇ ಕೂತಿರ್ತೀಯ.”

ಅವಳು ಏಳಲು ಗೋಡೆಗೆ ಕೈ ಊರಿದಳು. ಆಗಲೇ ಅವಳಿಗೆ ಶಾಲೆಯ ಉಗ್ರಾಣ ನೆನಪಾದದ್ದು.

ನೆಲ್ಬಾ ಹದಿನೆಂಟನೆಯ ವಯಸ್ಸಿನಲ್ಲಿ ಕಿತ್ತಳೆಹಣ್ಣಿನ ಗೋದಾಮಿನಲ್ಲಿ ಹಣ್ಣಿಗೆ ಕಾಗದ ಸುತ್ತುತ್ತಿದ್ದವಳು. ಊರಿನ ಪ್ರೌಢಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಕೆಸ್ಲರ್ ಎಂಬ ಮುದುಕ ಮೇಷ್ಟರಿಗೆ ಗಾಜಿನ ಸಾಮಾನು ತೊಳೆಯಲು ಒಬ್ಬರು ಬೇಕಾಗಿತ್ತು. ಗಾಜು ಒಡೆಯದ ಕೈ ಬೇಕು ಎಂದು ಅವರು ಗೋದಾಮಿಗೇ ಬಂದು ಕೇಳಿದರು. ತೊಳೆಯುತ್ತ ತೊಳೆಯುತ್ತ ಅವಳು ಪ್ರಯೋಗಶಾಲೆಯ ಸಹಾಯಕಿಯಾದಳು. ಯಾವ ತರಗತಿಗೆ ಯಾವ ದ್ರಾವಣ, ಯಾವ ಬಾಟಲಿ ಕೊನೆಗೆ ಬಂದಿದೆ, ಯಾವ ಹುಡುಗನ ಕೈಗೆ ಆಮ್ಲ ಕೊಡಬಾರದು, ಎಲ್ಲ ಅವಳಿಗೆ ಗೊತ್ತಿತ್ತು. ಮೇಷ್ಟರು ಬಂದರು, ಹೋದರು. ಅವಳು ಅಲ್ಲೇ ಉಳಿದಳು.

ಪ್ರತಿ ವರ್ಷ ಶಾಲೆ ಶುರುವಾದ ಹೊಸತರಲ್ಲಿ ಮಕ್ಕಳಿಗೆ ಅಚ್ಚುಮೆಚ್ಚಿನ ಪಾಠವೊಂದಿತ್ತು. ಅಗಲವಾದ ಗಾಜಿನ ತೊಟ್ಟಿಯಲ್ಲಿ ನೀರು. ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟ ಲೋಹವನ್ನು ನೆಲ್ಬಾ ಇಕ್ಕಳದಲ್ಲಿ ಎತ್ತಿ, ಚಾಕುವಿನಿಂದ ಬೇಳೆಕಾಳಿನಷ್ಟು ಕೊಯ್ಯುವಳು. ಮೊದಲು ಲಿಥಿಯಂ: ಸುಮ್ಮನೆ ನೊರೆ ಬಿಡುತ್ತ ತೇಲುವುದು. ಆಮೇಲೆ ಸೋಡಿಯಂ: ಕರಗಿ ಗುಂಡಗಾಗಿ ನೀರ ಮೇಲೆ ಬುಸುಗುಡುತ್ತ ಓಡುವುದು. ಕೊನೆಗೆ ಪೊಟ್ಯಾಸಿಯಂ: ನೀರು ಮುಟ್ಟಿದ್ದೇ ತಿಳಿನೇರಳೆ ಬಣ್ಣದ ಉರಿ ಎದ್ದು ಪಟ್ಟೆಂದು ಸಿಡಿಯುವುದು. ಮಕ್ಕಳು ಹೋ ಎಂದು ಹಿಂದಕ್ಕೆ ಜಿಗಿಯುವರು. ಮೇಷ್ಟರು ಹಲಗೆಯ ಮೇಲೆ ಸುತ್ತು ಬರೆದು ಕಾರಣ ಹೇಳುವರು. ನೆಲ್ಬಾ ಪಕ್ಕದಲ್ಲಿ ನಿಂತು ಬಟ್ಟೆಯಿಂದ ಮೇಜು ಒರೆಸುವಳು.

ಕೆಸ್ಲರ್ ಮೇಷ್ಟರು ತಮ್ಮ ದೇಶದಿಂದ ತಂದಿದ್ದ ಇನ್ನೊಂದು ಲೋಹವೂ ಉಗ್ರಾಣದಲ್ಲಿತ್ತು. ಬೆರಳುದ್ದದ, ಎರಡೂ ತುದಿ ಕರಗಿಸಿ ಮುಚ್ಚಿದ ಗಾಜಿನ ಕೊಳವೆಯೊಳಗೆ ಒಂದಿಷ್ಟು ಸೀಸಿಯಂ. ಚಳಿಗಾಲದಲ್ಲಿ ಗಟ್ಟಿ, ಬೇಸಿಗೆಯ ಸೆಕೆಗೆ ಅದೇ ಕರಗಿ ಬಂಗಾರದ ನೀರಿನ ಹಾಗೆ ಕೊಳವೆಯೊಳಗೆ ಹರಿದಾಡುತ್ತಿತ್ತು. “ಇದನ್ನ ತೊಟ್ಟಿಗೆ ಹಾಕಿದ್ರೆ ತೊಟ್ಟೀನೇ ಇರಲ್ಲ ಮಗೂ,” ಎಂದು ನಗುತ್ತಿದ್ದರು ಮುದುಕರು. ಅವರ ಕಾಲದಲ್ಲೂ ಅದನ್ನು ಒಡೆಯಲಿಲ್ಲ, ಆಮೇಲೂ ಯಾರೂ ಒಡೆಯಲಿಲ್ಲ.

ಕೆಸ್ಲರ್ ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ ಬಂದ ಒಬ್ಬ ಮುಖ್ಯೋಪಾಧ್ಯಾಯನಿಗೆ ಮೇಷ್ಟರ ಕೋಣೆ ಇಕ್ಕಟ್ಟೆನಿಸಿತು. ಮೇಲಿದ್ದ ಉಗ್ರಾಣವನ್ನು ಕಟ್ಟಡದ ಹಿಂಬದಿಯ ನೆಲಮಾಳಿಗೆಗೆ ಇಳಿಸಿದ. ಶಾಲೆ ಇಳಿಜಾರಿನಲ್ಲಿತ್ತು; ಮುಂಬಾಗಿಲು ಮೇಲಿನ ಬೀದಿಗೆ, ನೆಲಮಾಳಿಗೆಯ ಬಾಗಿಲು ಹಳ್ಳದ ಕಡೆಯ ಬೀದಿಗೆ. ಒಳಗಿನ ಮೆಟ್ಟಿಲನ್ನು ಇನ್ಯಾವುದೋ ರಿಪೇರಿಯಲ್ಲಿ ಇಟ್ಟಿಗೆ ಕಟ್ಟಿ ಮುಚ್ಚಿದರು. “ಅಲ್ಲಿ ನೀರು ಬರತ್ತೆ ಸಾರ್,” ಎಂದು ನೆಲ್ಬಾ ಅವನಿಗೂ ಹೇಳಿದಳು, ಅವನ ಆಮೇಲೆ ಬಂದವನಿಗೂ ಹೇಳಿದಳು. ಎಲ್ಲರದೂ ಒಂದೇ ಉತ್ತರ: ಮುಂದಿನ ವರ್ಷ ನೋಡೋಣ. ಹೇಳಿ ಹೇಳಿ ಅವಳಿಗೂ ಸಾಕಾಗಿ, ಸುಮ್ಮನಾಗಿದ್ದಳು.

ಪೊಟ್ಯಾಸಿಯಂ ಜಾಡಿಯ ವಿಷಯ ಬೇರೆಯೇ. ಹಳೆಯ ಸರಕು, ಎಣ್ಣೆ ಕೆಳಗಿಳಿದು ಗಾಳಿ ತಾಗಿ, ಲೋಹದ ಗಡ್ಡೆಗಳ ಮೇಲೆ ಹಳದಿ ಹಕ್ಕಳೆ ಕಟ್ಟಿತ್ತು. ಈಗಿನ ಟೀಚರ್ ಇರಾಸೆಮಾ ಬೆಂತಾಂಕೂರ್ ಮೊದಲ ದಿನವೇ ಅದನ್ನು ನೋಡಿ ಹಿಂದೆ ಸರಿದಿದ್ದಳು. ಆ ಹಕ್ಕಳೆಗೆ ಚಾಕು ತಾಗಿದರೆ, ಜೋರಾಗಿ ಉಜ್ಜಿದರೆ, ನೀರಿಲ್ಲದೆಯೂ ಸಿಡಿಯಬಹುದು. ಅಂದಿನಿಂದ ಅದನ್ನು ಮುಟ್ಟುವುದೇ ಬಿಟ್ಟರು. ತೆಗೆದುಕೊಂಡು ಹೋಗಲು ಯಾರೂ ಬರಲಿಲ್ಲ. ಜಾಡಿ ಮೇಲಿನ ಹಲಗೆಯಲ್ಲಿ ಕೂತೇ ಇತ್ತು.

ಈಗ ನದಿ ಬರುತ್ತಿತ್ತು. ಶಾಲೆಗೆ ಬೇಸಿಗೆ ರಜೆ, ಕ್ರಿಸ್ಮಸ್ ಹತ್ತಿರ; ಅಲ್ಲಿ ಡಿಸೆಂಬರ್ ಎಂದರೆ ಬೇಸಿಗೆ. ಉಗ್ರಾಣದ ನೆತ್ತಿಯ ಮೇಲೇ ಇದ್ದ ಶಾಲೆಯ ಆಟದ ಹಾಲ್‌ನಲ್ಲಿ, ಮನೆ ಬಿಟ್ಟು ಬಂದ ತಗ್ಗು ಬೀದಿಯ ಸಂಸಾರಗಳು ಆಗಲೇ ಚಾಪೆ ಹಾಸಿಕೊಂಡಿದ್ದವು.

ನೆಲ್ಬಾ ಈಗಿನ ಮುಖ್ಯೋಪಾಧ್ಯಾಯನಿಗೆ ಫೋನ್ ಮಾಡಿದಳು. ಅವನು ಸಮುದ್ರ ತೀರದಲ್ಲಿದ್ದ. ಹಿಂದೆ ಅಲೆಗಳ ಸದ್ದು.

“ಮೇಲಿನ ಹಲಗೆ ಮೇಲೆ ಇಟ್ಬಿಡಿ ನೆಲ್ಬಾ.”

“ಮೇಲಿನ ಹಲಗೆ ಮೇಲೇ ಇದೆ ಸಾರ್.”

“ಮತ್ತೆ ಸರಿಯಾಯ್ತಲ್ಲ. ಹಬ್ಬದ ಶುಭಾಶಯ.”

ಆಮೇಲೆ ರಾಜಧಾನಿ ಮಾಂಟೆವಿಡಿಯೊದ ತವರಿಗೆ ಹೋಗಿದ್ದ ಇರಾಸೆಮಾಗೆ ಮಾಡಿದಳು. ವಿಷಯ ತಿಳಿದು ಅವಳು ಮೊದಲು ವಿಚಾರಿಸಿದ್ದು ಜನರನ್ನು.

“ಮೇಲೆ ಹಾಲ್‌ನಲ್ಲಿ ಜನ ಇದಾರಾ?”

“ನಮ್ಮ ಬೀದಿಯವರೆಲ್ಲ ಅಲ್ಲೇ ಇದಾರೆ, ಪ್ರೊಫೆ.” ಟೀಚರನ್ನು ಅಲ್ಲಿ ಹಾಗೆಯೇ ಕರೆಯುವುದು.

“ಬಸ್ಸೂ ನಿಂತೋಗಿವೆಯಂತೆ, ಇಲ್ಲಾಂದ್ರೆ ನಾನೇ ಬರ್ತಿದ್ದೆ. ನೀವೊಬ್ರೇ ಹೋಗ್ಬೇಡಿ. ಹೋದ್ರೆ ಬಾಗ್ಲು ತೆಗ್ದು ಗಾಳಿ ಆಡೋಕೆ ಬಿಡಿ, ಒಳಗೆ ಜಲಜನಕ ತುಂಬಿರಬಹುದು. ಬೆಂಕಿ ಬೇಡ. ಆ ಜಾಡಿ ಮುಚ್ಚಳ ತಿರುಗಿಸ್ಲೇಬೇಡಿ. ಅಲುಗಾಡಿಸ್ಬೇಡಿ. ನೆಲ್ಬಾ, ನಿಮ್ಗೆ ಇದು ಬೇಡ ಅನ್ಸಿದ್ರೆ ಬಿಡಿ, ಜನಾನ ಅಲ್ಲಿಂದ ಎಬ್ಬಿಸೋಕೆ ಹೇಳೋಣ.”

“ಎಲ್ಲಿಗೆ ಎಬ್ಬಿಸ್ತೀರಾ ಪ್ರೊಫೆ? ಊರ ತುಂಬ ಜನಾನೇ.”

ಫೋನ್ ಇಟ್ಟು ತಿರುಗಿದಾಗ ಒಲಿಂಪಿಯೊ ಬಾಗಿಲಲ್ಲಿ ನಿಂತಿದ್ದ. ದೋಣಿ ಕೊಡು ಎಂದಳು. ಅವನ ಹಳೆಯ ಚಪ್ಪಟೆ ದೋಣಿಯೊಂದೇ ಆ ಮನೆಯ ಸಾಮಾನು ಸಾಗಿಸಲು ಇದ್ದ ವಾಹನ. ಬೀದಿಗೆ ಆಗಲೇ ನೀರು ಬಂದು ಗಾಡಿಗಳು ನಿಂತಿದ್ದವು.

“ತಲೆ ನೆಟ್ಟಗಿದೆಯೇನೇ ನಿಂಗೆ? ಫ್ರಿಜ್ಜು ಹಂಗೇ ನಿಂತಿದೆ. ಬೀರು ಹಂಗೇ ಇದೆ. ಅಮ್ಮನ ಮಂಚ. ಅದನ್ನೆಲ್ಲ ಬಿಟ್ಟು ಶಾಲೆ ಬಾಟ್ಲಿ ಹೊರೋಕೆ ಹೋಗ್ಬೇಕಾ? ಆ ಶಾಲೆ ನಿಂಗೇನು ಕಿರೀಟ ಇಟ್ಟಿದೆ?”

“ಏನೂ ಇಟ್ಟಿಲ್ಲ.”

“ಮತ್ತೆ?”

“ಮತ್ತೇನಿಲ್ಲ. ನಮ್ಮ ಬೀದಿ ಎಲ್ಸಾ ಮಕ್ಕಳು ಅಲ್ಲೇ ಮಲಗಿದಾವೆ. ಅದ್ರ ಕೆಳಗೆ ಏನಿದೆ ಅಂತ ಈಗ ಊರಲ್ಲಿರೋರಲ್ಲಿ ನಂಗೊಬ್ಳಿಗೇ ಗೊತ್ತು. ನೀನು ಬರದಿದ್ರೆ ಬೇಡ, ನಾನೇ ಹುಟ್ಟು ಹಾಕ್ಕೊಂಡು ಹೋಗ್ತೀನಿ.”

“ನೀನು ಹುಟ್ಟು ಹಾಕಿದ್ರೆ ನದಿ ಆಚೆ ಅರ್ಜೆಂಟೀನಾ ಸೇರ್ತೀಯ,” ಎಂದು ಗೊಣಗುತ್ತ ಅವನು ಹಗ್ಗ ಬಿಚ್ಚಿದ.

ಕಟ್ಟಡದ ಕೆಲಸ ನಿಂತಿದ್ದ ಒಂದು ಕಡೆ ಟಾರ್ಪಾಲಿನಡಿ ಒಣ ಮರಳಿತ್ತು. ಜಾಡಿ ಅಲುಗದಂತೆ ಕೂರಿಸಲು ಎರಡು ಬಕೆಟ್ ತುಂಬಿಕೊಂಡು, ಟಾರ್ಪಾಲನ್ನೂ ದೋಣಿಗೆ ಹಾಕಿಕೊಂಡರು. ಶಾಲೆಯ ಹಿಂದಿನ ಬೀದಿಯಲ್ಲಿ ನೀರು ಕಂದು ಬಣ್ಣಕ್ಕೆ ತಿರುಗಿ, ಕಿತ್ತಳೆ, ಪ್ಲಾಸ್ಟಿಕ್ ಕುರ್ಚಿ, ಯಾರದೋ ಚಪ್ಪಲಿ ತೇಲುತ್ತಿದ್ದವು. ಮೇಲಿನ ಹಾಲ್‌ನ ಕಿಟಕಿಯಿಂದ ಅವರ ಬೀದಿಯ ಎಲ್ಸಾ ಬಗ್ಗಿ ಕೂಗಿದಳು: “ಲೋ ಒಲಿಂಪಿಯೊ, ಹಬ್ಬದ ಕುರಿ ತರೋಕೆ ಹೊರಟ್ಯೇನೋ?”

“ಹೂಂ, ಹಾರೋ ಕುರಿ,” ಎಂದ ಅವನು.

ಬಾಗಿಲ ಬಳಿ ನೆಲ್ಬಾ ಅವನ ಬಾಯಿಂದ ಸಿಗರೇಟು ಕಿತ್ತು ನೀರಿಗೆಸೆದಳು. ಬೀಗ ತೆಗೆದು, ಬಾಗಿಲನ್ನು ಇಬ್ಬರೂ ಸೇರಿ ನೀರಿನ ವಿರುದ್ಧ ಎಳೆದು, ದೂರ ಸರಿದು ಕಾದರು. ಒಳಗಿಂದ ಸುಟ್ಟ ಸೀಮೆಎಣ್ಣೆಯ ವಾಸನೆ ಬಂತು. ಅವಳಿಗೆ ಕೂಡಲೇ ಅರ್ಥವಾಯಿತು. ಕೆಳಗಿನ ಹಲಗೆ ಕುಸಿದು ಸೋಡಿಯಂ ಜಾಡಿಯೊಂದು ನೀರಿಗೆ ಬಿದ್ದಿತ್ತು. ಗೋಡೆ ಮಸಿ ಹಿಡಿದು, ಮರದ ಹಲಗೆ ಅರ್ಧ ಇದ್ದಿಲಾಗಿತ್ತು. ಯಾರೂ ಕೇಳಿಸಿಕೊಂಡಿರಲಿಲ್ಲ, ಅಥವಾ ಗುಡುಗೆಂದುಕೊಂಡಿದ್ದರು.

ಬಾಗಿಲ ಮೆಟ್ಟಿಲಿಳಿದಾಗ ನೀರು ಅವಳ ತೊಡೆಗೆ ಬಂತು. ಮುಚ್ಚಿದ ಕೋಣೆಯಲ್ಲಿ ನಿಂತ ಆ ನೀರು ಸಾಬೂನಿನಂತೆ ಜಾರುತ್ತಿತ್ತು. ಸೋಡಿಯಂ ಕರಗಿ, ಚರ್ಮ ಸುಡುವ ಕಾಸ್ಟಿಕ್ ಸೋಡಾ ಆಗಿತ್ತು. ಬೇಗ ಮಾಡಬೇಕು ಎಂದು ಗೊತ್ತಿದ್ದರೂ ಬೇಗ ಮಾಡುವಂತಿರಲಿಲ್ಲ. ಮೊದಲು ಲಿಥಿಯಂ ಡಬ್ಬಿ, ಆಮೇಲೆ ಉಳಿದಿದ್ದ ಇನ್ನೊಂದು ಸೋಡಿಯಂ ಜಾಡಿ, ಬಾಗಿಲಲ್ಲಿ ನಿಂತ ಒಲಿಂಪಿಯೊನ ಕೈಗೆ ಕೊಟ್ಟಳು. ಸೀಸಿಯಂ ಕೊಳವೆಯನ್ನು ಹತ್ತಿಯಲ್ಲಿ ಸುತ್ತಿ ಸುತ್ತಲೂ ನೋಡಿದಳು.

“ನಿನ್ ಫ್ಲಾಸ್ಕ್ ಕೊಡು.”

“ಮಾಟೆಗೆ ಬಿಸಿನೀರಿದೆ ಅದ್ರಲ್ಲಿ!”

“ಚೆಲ್ಲಿ, ಚೆನ್ನಾಗಿ ಒರೆಸಿ ಕೊಡು.”

ಮಾಟೆ ಎಂಬ ಆ ಎಲೆಕಷಾಯ ಇಲ್ಲದೆ ಒಂದು ಗಂಟೆ ಇರದವನು, ಸ್ಟೀಲಿನ ಆ ಫ್ಲಾಸ್ಕನ್ನು ಅಂಗಿ ಬಿಚ್ಚಿ ಒಳಗೆಲ್ಲ ಒರೆಸಿ ಕೊಟ್ಟ. ಮುಖ ಮಾತ್ರ ಹೆಣ ಹೊರುವವನ ಹಾಗಿತ್ತು.

ಕೊನೆಗೆ ಪೊಟ್ಯಾಸಿಯಂ. ಅದಕ್ಕೂ ನೀರಿಗೂ ನಡುವೆ ಒಂದು ಮೊಳ ಉಳಿದಿತ್ತು. ನೆಲ್ಬಾ ಎರಡೂ ಕೈಯಲ್ಲಿ ಜಾಡಿ ಹಿಡಿದು ಎದೆಗಾನಿಸಿಕೊಂಡು, ಕಾಲಿನಿಂದ ನೆಲ ಹುಡುಕುತ್ತ ಬಂದಳು. ಕಾಲು ಉರಿಯುತ್ತಿತ್ತು. ಒಮ್ಮೆ ಮೊಣಕಾಲು ಕೈಕೊಟ್ಟಂತಾಗಿ ನಿಂತಳು. ಹಳದಿ ಹಕ್ಕಳೆ ಕಟ್ಟಿದ ಗಡ್ಡೆಗಳು ಎಣ್ಣೆಯೊಳಗೆ ಮೆಲ್ಲಗೆ ಒಂದಕ್ಕೊಂದು ಒರಗಿ ಸುಮ್ಮನಾದವು. ದೋಣಿಯಲ್ಲಿದ್ದ ಮರಳಿನ ಬಕೆಟ್ಟಿಗೆ ಅದನ್ನು ಇಳಿಸಿ, ಇಬ್ಬರೂ ಸೇರಿ ಟಾರ್ಪಾಲು ಹೊದಿಸಿದರು.

ಅವನು ಹುಟ್ಟು ಹಾಕಲು ಶುರುಮಾಡಿದ. ಸ್ವಲ್ಪ ದೂರ ಹೋದ ಮೇಲೆ ಕೇಳಿದ, “ಎಲ್ಲಾ ಒಂದೇ ಜಾತಿ ಅಂತೀಯ. ಆ ಡಬ್ಬೀದು ಸಾಧು, ಇದು ರಾಕ್ಷಸ. ಯಾಕೆ?”

ನೆಲ್ಬಾ ಅವನ ಮುಖ ನೋಡಿದಳು. ಅವಳು ಕೆಲಸಕ್ಕೆ ಸೇರಿದ ದಿನದಿಂದ ಇಂದಿನವರೆಗೆ ಅವನು ಅಲ್ಲಿ ಏನು ಮಾಡುತ್ತೀಯೆಂದು ಒಮ್ಮೆಯೂ ಕೇಳಿರಲಿಲ್ಲ.

“ಈಗ್ಯಾಕೆ ಬೇಕು ನಿಂಗೆ?”

“ಕಾಲ ಹತ್ರ ಇಟ್ಕೊಂಡು ಕೂತಿದೀನಲ್ಲ. ಸಾಯೋದಾದ್ರೆ ಯಾಕೆ ಅಂತ ಗೊತ್ತಾಗ್ಲಿ.”

ಅವಳು ಟಾರ್ಪಾಲಿನ ಅಂಚು ಹಿಡಿದುಕೊಂಡೇ ಹೇಳಿದಳು. “ಪ್ರತಿ ಪರಮಾಣು ಒಳಗೆ ಒಂದು ಬೀಜ ಇರತ್ತೆ. ಅದ್ರ ಸುತ್ತ ಎಲೆಕ್ಟ್ರಾನುಗಳು, ಒಂದು ಸುತ್ತು ಆದ್ಮೇಲೆ ಇನ್ನೊಂದು ಸುತ್ತು. ಬೀಜ ಅವನ್ನ ಎಳ್ಕೊಂಡಿರತ್ತೆ. ಈ ಜಾತಿ ಲೋಹಕ್ಕೆಲ್ಲ ಹೊರಗಿನ ಸುತ್ತಲ್ಲಿ ಇರೋದು ಒಂದೇ ಒಂದು. ಲಿಥಿಯಂಗೆ ಎರಡೇ ಸುತ್ತು, ಅದಕ್ಕೆ ಆ ಒಂದು ಬೀಜದ ಹತ್ರಾನೇ ಇದೆ, ಬಿಡೋಕೆ ಕಷ್ಟ. ಸೋಡಿಯಂಗೆ ಮೂರು, ಇದಕ್ಕೆ ನಾಲ್ಕು. ಆ ಫ್ಲಾಸ್ಕಲ್ಲಿರೋದಕ್ಕೆ ಆರು. ದೂರ ಹೋದಷ್ಟೂ ಹಿಡಿತ ಸಡಿಲ. ನೀರು ತಾಗಿದ್ರೆ ಸಾಕು, ಕೈ ಬಿಟ್ಟು ಹೋಗತ್ತೆ. ನೀರಿಂದ ಜಲಜನಕ ಎದ್ದು ಬರತ್ತೆ, ಶಾಖ ಏರತ್ತೆ, ಆ ಶಾಖಕ್ಕೆ ಜಲಜನಕ ಹತ್ಕೊಳತ್ತೆ.”

ಒಲಿಂಪಿಯೊ ಹುಟ್ಟು ನಿಲ್ಲಿಸಿದ. “ಅಲ್ವೇ, ಭಾರದ ಲೋಹಕ್ಕೆ ಬೀಜಾನೂ ದೊಡ್ಡದೇ ಇರ್ಬೇಕಲ್ಲ. ಬೀಜ ದೊಡ್ಡದಾದ್ರೆ ಎಳೆತ ಜಾಸ್ತಿ ಆಗ್ಬೇಕಪ್ಪ.”

“ಆಗತ್ತೆ. ಆದ್ರೆ ನಡುವೆ ಇರೋ ಸುತ್ತುಗಳು ಅಡ್ಡ ನಿಲ್ತವೆ. ಆ ಎಳೆತಾನ ಅವೇ ಮರೆ ಮಾಡ್ತವೆ. ಹೊರಗಿನದಕ್ಕೆ ತಲುಪೋದು ಚೂರು.” ಆಮೇಲೆ ತಡೆದು ಹೇಳಿದಳು, “ಒಳ್ಳೇ ಪ್ರಶ್ನೆ ಕೇಳ್ದೆ ಕಣೋ. ಶಾಲೇಲಿ ಕೂತಿದ್ರೆ ಪಾಸಾಗ್ತಿದ್ದೆ.”

“ಕೂರಿಸ್ದೋರು ಯಾರು,” ಎಂದು ಅವನು ಮತ್ತೆ ಹುಟ್ಟಿಗೆ ಕೈಹಾಕಿದ.

ಮೇಲಿನ ಬೀದಿ ತಲುಪಿದ ಮೇಲೆ ಹೊಸ ಪೀಕಲಾಟ. ಅಗ್ನಿಶಾಮಕದವರು ಕೇಳಿ ಕೈಮುಗಿದರು. ಅವರ ಹತ್ತಿರ ಇದ್ದದ್ದೇ ನೀರು. ಆಸ್ಪತ್ರೆಯ ಕಾವಲುಗಾರ ಗೇಟಿನ ಒಳಗೇ ಬಿಡಲಿಲ್ಲ. ಜನರ ಸಾಮಾನು ಹೊರುತ್ತಿದ್ದ ಸೈನ್ಯದ ಲಾರಿಯ ಕಾರ್ಪೊರಲ್, ಲೀಬೆರ್ ಎಂಬ ದಪ್ಪ ಮೀಸೆಯವನು, ಟಾರ್ಪಾಲಿನಡಿ ಇಣುಕಿದ.

“ಉಪ್ಪಿನಕಾಯಿನಾ ಅಮ್ಮಾವ್ರೇ?”

ನೆಲ್ಬಾ ವಿವರಿಸುವಷ್ಟರಲ್ಲಿ ಒಲಿಂಪಿಯೊನೇ ಬೀಜ, ಸುತ್ತು, ಎಳೆತ ಎಂದು ಶುರುಮಾಡಿದ. ಕಾರ್ಪೊರಲ್ ಅರ್ಧ ಕೇಳಿ, “ನಂಗೊತ್ತಾಯ್ತು ಬಿಡಿ. ನಾನೂ ಕ್ಯಾಪ್ಟನ್‌ನಿಂದ ದೂರ ಇದ್ದಾಗ್ಲೇ ಎಡವಟ್ಟು ಮಾಡೋದು. ಇದನ್ನ ಬ್ಯಾರಕ್ಕಿಗೆ ತಗೊಂಡು ಹೋದ್ರೆ ಮೊದ್ಲು ನನ್ನನ್ನೇ ನೀರಿಗೆ ಹಾಕ್ತಾರೆ,” ಎಂದ. ನೆಲ್ಬಾ ಫೋನಿನಲ್ಲಿ ಇರಾಸೆಮಾಳನ್ನು ಹಿಡಿದು ಅವನ ಕ್ಯಾಪ್ಟನ್ ಜೊತೆ ಮಾತಾಡಿಸಿದಳು. ಬಹಳ ಹೊತ್ತು ಮಾತಾಯಿತು. ಕೊನೆಗೆ ಊರಾಚೆ ಪಾಳುಬಿದ್ದ ಕರಿಕಲ್ಲಿನ ಕ್ವಾರಿಗೆ ಒಯ್ಯುವುದೆಂದು ತೀರ್ಮಾನವಾಯಿತು. ಲಿಥಿಯಂ, ಸೋಡಿಯಂ, ಫ್ಲಾಸ್ಕು ಮೂರನ್ನೂ ಮೇಲಿನ ಬೀದಿಯ ಔಷಧಿ ಅಂಗಡಿಯವನು ತನ್ನ ಕಬ್ಬಿಣದ ಬೀರುವಿನಲ್ಲಿ ಇಟ್ಟುಕೊಳ್ಳಲು ಒಪ್ಪಿದ.

ಲಾರಿ ಆಮೆಯ ಹಾಗೆ ಹೋಯಿತು. ಬಕೆಟ್ಟನ್ನು ನೆಲ್ಬಾ ತನ್ನ ಕಾಲುಗಳ ನಡುವೆ ಇಟ್ಟುಕೊಂಡು, ಪ್ರತಿ ಗುಂಡಿಗೂ ತಾನೇ ಕುಲುಕಿ ಅದನ್ನು ಕುಲುಕಲು ಬಿಡದೆ ಕೂತಳು. ಕ್ವಾರಿಯ ತಳದಲ್ಲಿ ಮಳೆನೀರು ನಿಂತು ಕೆರೆಯಾಗಿತ್ತು. ಸೈನಿಕರು ಜಾಡಿಯನ್ನು ಒಂದು ಮರದ ಹಲಗೆಯ ಮೇಲೆ ಇಟ್ಟು ಉದ್ದ ಗಳುವಿನಿಂದ ನೀರಿನ ನಡುವಿಗೆ ತಳ್ಳಿದರು. ಎಲ್ಲರೂ ಬಂಡೆಯ ಹಿಂದೆ ಸರಿದ ಮೇಲೆ ಕಾರ್ಪೊರಲ್ ರೈಫಲ್ ಎತ್ತಿದ. ಮೊದಲ ಗುಂಡು ತಪ್ಪಿತು. ಎರಡನೆಯದು ತಾಗಿತು.

ಮೊದಲು ನೇರಳೆ ಉರಿ ಕಂಡಿತು, ಮರುಕ್ಷಣ ಸದ್ದು ಎದೆಗೆ ಗುದ್ದಿತು. ನೀರು ಕಂಬದ ಹಾಗೆದ್ದು ಕಲ್ಲಿನ ಮೇಲೆ ಸುರಿಯಿತು. ಸಿಡಿದ ಚೂರುಗಳು ನೀರಿಗೆ ಬಿದ್ದಲ್ಲೆಲ್ಲ ಮತ್ತೆ ಹತ್ತಿಕೊಂಡು ಪಟಪಟ ಎಂದವು. ಕ್ವಾರಿಯ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ಒಬ್ಬ ಸೈನಿಕ ಚಪ್ಪಾಳೆ ಹೊಡೆದು, ಮತ್ಯಾರೂ ಹೊಡೆಯದ್ದು ಕಂಡು ನಿಲ್ಲಿಸಿದ.

ಬೇಳೆಕಾಳಿನಷ್ಟು ಕೊಯ್ದು ಕೊಯ್ದು ವರ್ಷಗಟ್ಟಲೆ ತೋರಿಸಿದ ಲೋಹವನ್ನು ನೆಲ್ಬಾ ಇಡಿಯಾಗಿ ಕಂಡದ್ದು ಅಂದೇ. ಅವಳಿಗೆ ಸಂತೋಷವೂ ಆಗಲಿಲ್ಲ, ಹೆಮ್ಮೆಯೂ ಆಗಲಿಲ್ಲ. ಲಾರಿಯ ಮೆಟ್ಟಿಲ ಮೇಲೆ ಕೂತು ಲಂಗ ಎತ್ತಿ ನೋಡಿಕೊಂಡಳು. ತೊಡೆಯಿಂದ ಕೆಳಗೆ ಚರ್ಮ ಕೆಂಪಗೆ ಸುಲಿದಿತ್ತು. ಕಾರ್ಪೊರಲ್ ತನ್ನ ಕುಡಿಯುವ ನೀರನ್ನೆಲ್ಲ ಅವಳ ಕಾಲ ಮೇಲೆ ಸುರಿದ.

ತಿರುಗಿ ಬಂದಾಗ ಅವರ ಬೀದಿಯೇ ಇರಲಿಲ್ಲ. ಮನೆಯ ಸೂರಿನ ಅಂಚು ಮಾತ್ರ ಕಾಣುತ್ತಿತ್ತು. ಅಕ್ಕ ತಮ್ಮ ಇಬ್ಬರೂ ನೀರಿನಂಚಿನಲ್ಲಿ ನಿಂತರು.

“ಬೀರು ಹೋಯ್ತು,” ಎಂದಳು ನೆಲ್ಬಾ. “ಅಮ್ಮನ ಮಂಚಾನೂ ಹೋಯ್ತು. ನಂದೇ ತಪ್ಪು ಕಣೋ.”

ಒಲಿಂಪಿಯೊ ಬೈಯುತ್ತಾನೆಂದುಕೊಂಡಳು. ಅವನು ಮೂಗು ಸೀಟಿಕೊಂಡು, “ಹೋಗ್ಲಿ ಬಿಡು. ಆ ಬೀರು ಬಾಗ್ಲು ಯಾವತ್ತೂ ಸರಿಯಾಗಿ ಹಾಕ್ಕೊಂಡಿದ್ದೇ ಇಲ್ಲ,” ಎಂದ. ನಾಲ್ಕು ಹೆಜ್ಜೆ ನಡೆದು, “ಫ್ರಿಜ್ಜಿಗೆ ಮಾತ್ರ ಹೊಟ್ಟೆ ಉರಿಯತ್ತೆ,” ಎಂದು ಸೇರಿಸಿದ.

ಕ್ರಿಸ್ಮಸ್ ಅವರು ಶಾಲೆಯ ಹಾಲ್‌ನಲ್ಲೇ ಕಳೆದರು. ಎಲ್ಸಾ ತನ್ನ ಹಾಸಿಗೆ ಬಿಟ್ಟುಕೊಟ್ಟಳು. ದಾದಿಯೊಬ್ಬಳು ದಿನಾ ಬಂದು ನೆಲ್ಬಾಳ ಕಾಲಿಗೆ ಪಟ್ಟಿ ಕಟ್ಟಿದಳು. ಯಾರೋ ಹಂಚಿದ ಒಣಹಣ್ಣಿನ ಬ್ರೆಡ್ಡನ್ನು ಒಲಿಂಪಿಯೊ ತುಂಡುಮಾಡಿ ಮಕ್ಕಳಿಗೆ ಕೊಡುತ್ತ, ದೋಣಿಯ ಕಥೆಯನ್ನು ದಿನಕ್ಕೊಂದು ರೀತಿ ಹೇಳಿದ; ಸೀಸಿಯಂನ ಸುತ್ತುಗಳು ಆರರಿಂದ ಹತ್ತಕ್ಕೆ ಏರಿದವು. ನೆಲ್ಬಾ ಗೋಡೆ ಕಡೆ ತಿರುಗಿ ಮಲಗಿದ್ದಳು. ತಿದ್ದಲು ಹೋಗಲಿಲ್ಲ.

ನೀರಿಳಿದು ಉಗ್ರಾಣ ತೆರೆದಾಗ ಕೆಸರಿನ ಗೆರೆ ಮೇಲಿನ ಹಲಗೆಯನ್ನೂ ದಾಟಿ ಚಾವಣಿಯ ಹತ್ತಿರ ನಿಂತಿತ್ತು. ಸಮುದ್ರ ತೀರದ ಬಿಸಿಲಿಗೆ ಕಪ್ಪಾಗಿ ಬಂದ ಮುಖ್ಯೋಪಾಧ್ಯಾಯ ಆ ಗೆರೆ ನೋಡಿದ, ಅವಳ ಕಾಲಿನ ಪಟ್ಟಿ ನೋಡಿದ, “ಕೆಸರು ತೆಗೆಯೋಕೆ ಕೆಲಸದವರಿಗೆ ಹೇಳ್ತೀನಿ,” ಎಂದು ಹೊರಟ. ಇರಾಸೆಮಾ ಬಿಡಲಿಲ್ಲ. ಪೋಷಕರನ್ನು ಸೇರಿಸಿ, ಎಲ್ಸಾಳನ್ನು ಮುಂದೆ ಕೂರಿಸಿ, ಜಗಳವಾಡಿ ಎರಡನೆಯ ಮಹಡಿಯಲ್ಲಿ ಕಿಟಕಿಯಿದ್ದ ಕೋಣೆಯೊಂದನ್ನು ಕಿತ್ತುಕೊಂಡಳು. ನೆಲ್ಬಾ ಒಂದೊಂದೇ ಬಾಟಲಿ ಒರೆಸಿ ಅಲ್ಲಿ ಜೋಡಿಸಿದಳು.

“ಮಕ್ಕಳಿಗೆ ಆ ದಿನದ್ದು ನೀವೇ ಹೇಳ್ಬೇಕು ನೆಲ್ಬಾ,” ಎಂದಳು ಇರಾಸೆಮಾ.

“ಬೇಡ ಪ್ರೊಫೆ. ನಂಗೆ ಸಾಕಾಗಿದೆ. ನೀವು ಹೇಳಿ, ನಾನು ಸ್ಟೂಲ್ ಮೇಲೆ ಕೂತಿರ್ತೀನಿ.”

ಅಕ್ಕ ತಮ್ಮ ತಗ್ಗು ಬೀದಿಗೆ ಮರಳಲಿಲ್ಲ. ಬಸ್ ನಿಲ್ದಾಣದ ಹಿಂದೆ, ಎತ್ತರದಲ್ಲಿ, ಎರಡು ಕೋಣೆಯ ಬಾಡಿಗೆ ಮನೆ ಹಿಡಿದರು. ಅಲ್ಲಿಂದ ನದಿ ಕಾಣುವುದಿಲ್ಲವೆಂದು ಒಲಿಂಪಿಯೊ ದಿನವೂ ದೂರಿದ. ನೆಲ್ಬಾಳ ಕಾಲಿನ ಗಾಯ ಮಾಯಲು ಬಹಳ ಕಾಲ ಹಿಡಿಯಿತು; ಮಾಯ್ದ ಮೇಲೂ ಚಳಿಗೆ ಎಳೆಯುತ್ತಿತ್ತು. ಆ ವರ್ಷದ ಕೊನೆಗೆ ನಿವೃತ್ತಿ ತೆಗೆದುಕೊಂಡಳು. ಆಮೇಲಿನ ಬೆಳಗುಗಳಲ್ಲಿ ಬಿಸಿಲು ಹಾಸಿಗೆಗೆ ಬಂದರೂ, ತಮ್ಮ ಬಂದು ಬಾಗಿಲು ಬಡಿದರೂ, ಅವಳು ಮಗ್ಗುಲು ಬದಲಿಸಿ ಮತ್ತೆ ನಿದ್ದೆ ಹೋಗುತ್ತಿದ್ದಳು.